ಡಗ್ಗಾದ ಹಿಂದೆ ಸಿಕ್ಕಿಕೊಂಡ ದನಿ: ಕೊಪ್ಪಳದ ಮಾಸ್ತರ್‌ಗೆ ಇಯರ್‌ಫೋನ್ ಆರಿಸಿದ ಪ್ರಕರಣ

ಮಾಸ್ತರ್ ಒಂದು ಭಾನುವಾರ ಬೆಳಿಗ್ಗೆ ಮನೆಗೆ ಬಂದರು. ಒಂದು ಕೈಯಲ್ಲಿ ನೆಕ್‌ಬ್ಯಾಂಡ್, ಇನ್ನೊಂದು ಕೈಯಲ್ಲಿ ಇನ್ನೂರು ಪುಟದ ನೋಟ್‌ಬುಕ್ಕು. ಕೂರುವ ಮೊದಲೇ ಹೇಳಿದರು: "ತಮ್ಮಾ, ಡಗ್ಗಾ ಚಲೋ ಕೇಳಸ್ತೈತಿ. ತಾಳ ಚಲೋ ಕೇಳಸ್ತೈತಿ. ಹಾಡೋ ಹೆಣ್ಣುಮಗಳು ಎಲ್ಲಿಗ್ ಹೋದ್ಲು?"

ಇವರು ನನಗೆ ನಾಲ್ಕನೇ ಕ್ಲಾಸಿನಲ್ಲಿ ಮಗ್ಗಿ ಕಲಿಸಿದವರು. ನಿವೃತ್ತರಾದ ಮೇಲೆ ಭಾಗ್ಯನಗರದ ಮನೆಯಲ್ಲಿ ಕೂತು ತತ್ವಪದ ಬರೆದಿಡುವ ಕೆಲಸ ಹಿಡಿದಿದ್ದಾರೆ. ಕುಕನೂರು, ಯಲಬುರ್ಗಾ ಕಡೆ ಹಳ್ಳಿಗಳಿಗೆ ಹೋಗುತ್ತಾರೆ. ಅಹೋರಾತ್ರಿ ಭಜನೆಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಾರೆ. ಆಮೇಲೆ ಮನೆಯಲ್ಲಿ ಒಂದೊಂದೇ ಸಾಲು ಕೇಳಿ ಬರೆಯುತ್ತಾರೆ. ಪುಸ್ತಕದಲ್ಲಿ ಅಚ್ಚಾಗದ, ಬಾಯಿಂದ ಬಾಯಿಗೆ ಮಾತ್ರ ಬಂದ ಪದಗಳು ಅವು. ಒಂದು ಅಕ್ಷರ ತಪ್ಪಿದರೆ ಅರ್ಥವೇ ಬೇರೆ ಕಡೆ ಹೋಗಿಬಿಡುತ್ತದೆ.

ನೋಟ್‌ಬುಕ್ಕು ತೆರೆದು ತೋರಿಸಿದರು. ಅನುಮಾನ ಇದ್ದ ಮಾತಿಗೆಲ್ಲ ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದರು. ಸುಮಾರು 40 ನಿಮಿಷದ ಒಂದೇ ರೆಕಾರ್ಡಿಂಗಿನಲ್ಲಿ 31 ಸುತ್ತು. ಹಾಡಿದವರು ವಯಸ್ಸಾದ ಒಬ್ಬ ತಾಯಿ. ಜೊತೆಗೆ ಅವರ ತಮ್ಮನ ಹಾರ್ಮೋನಿಯಂ, ತಬಲಾ ಜೋಡಿಯ ದಪ್ಪ ದನಿಯ ಡಗ್ಗಾ, ದಮ್ಮಡಿ, ತಾಳ.

"ದನಿ ಚೆನ್ನಾಗಿ ಕೇಳೋದು ಒಂದು ಕೊಡಸು. ಎರಡೂವರಿ ಸಾವಿರ ತಂದೀನಿ" ಅಂದರು.

ಇಯರ್‌ಫೋನ್ ಆರಿಸುವುದರಲ್ಲಿ ನನಗೆ ಬಹಳ ದಿನಗಳಿಂದ ಆಸಕ್ತಿ. ಗೆಳೆಯರಿಗೆ ಆರಿಸಿಕೊಟ್ಟಿದ್ದೇನೆ. ಆದರೆ ಇಷ್ಟು ಸ್ಪಷ್ಟವಾದ ಅಳತೆಗೋಲು ಇಟ್ಟುಕೊಂಡು ಯಾರೂ ಬಂದಿರಲಿಲ್ಲ. "ಸೌಂಡ್ ಚೆನ್ನಾಗಿರಬೇಕು" ಅನ್ನುವವರೇ ಜಾಸ್ತಿ. ಇವರ ಹತ್ತಿರ 31 ಸುತ್ತುಗಳಿದ್ದವು. ಯಾವುದು ಹಾಕಿಕೊಂಡಾಗ ಎಷ್ಟು ಸುತ್ತು ಅಳಿಸಬಹುದು ಎಂದು ಎಣಿಸಬಹುದಿತ್ತು. ಈ ಪ್ರಕರಣವನ್ನು ಪೂರ್ತಿ ಬರೆದಿಡಲು ಅದೇ ಕಾರಣ.

ಎದೆ, ಬಾಯಿ, ನಾಲಿಗೆ

ಮನುಷ್ಯನ ಕಿವಿಗೆ 20 ಹರ್ಟ್ಜ್‌ನಿಂದ 20,000 ಹರ್ಟ್ಜ್‌ವರೆಗೆ ಕೇಳಿಸುತ್ತದೆ ಎನ್ನುತ್ತಾರೆ. ಸದ್ದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನುವ ಲೆಕ್ಕವೇ ಹರ್ಟ್ಜ್. ಕೆಳಗಿನದು ಬೇಸ್, ಮೇಲಿನದು ಟ್ರೆಬಲ್. ನಡುವಿನ ಸುಮಾರು 200ರಿಂದ 4,000ದವರೆಗಿನದು ಮಿಡ್‌ರೇಂಜ್. ಹಳೆಯ ಕಾಲದ ಟೆಲಿಫೋನ್ 300ರಿಂದ 3,400 ಹರ್ಟ್ಜ್ ಮಾತ್ರ ಸಾಗಿಸುತ್ತಿತ್ತು. ಆದರೂ ಅಷ್ಟರಲ್ಲೇ ಸಂಸಾರದ ಮಾತೆಲ್ಲ ಮುಗಿಯುತ್ತಿತ್ತು. ಮಾತು ಇರುವುದೇ ಅಲ್ಲಿ.

ಆದರೆ ಮಿಡ್‌ರೇಂಜನ್ನು ಒಂದೇ ವಸ್ತು ಅಂದುಕೊಂಡರೆ ಆರಿಸುವಾಗ ಎಡವುತ್ತೇವೆ. ಮಾಸ್ತರ್‌ಗೆ ವಿವರಿಸಲು ನಾನು ಅದನ್ನು ಮೂರು ಭಾಗ ಮಾಡಿದೆ. 200ರಿಂದ 500ರವರೆಗೆ ಎದೆ. ಅಲ್ಲಿಂದ 1,500ರ ತನಕ ಬಾಯಿ. ಅದರ ಮೇಲೆ 4,000ದವರೆಗೆ ನಾಲಿಗೆ. ಎದೆಯಿಂದ ದನಿಗೆ ತೂಕ ಬರುತ್ತದೆ. ಬಾಯಿಂದ ಸ್ವರದ ಮೈ ಬರುತ್ತದೆ. ಅಕ್ಷರ ಬಿಡಿಸಿ ಹೇಳುವುದು ನಾಲಿಗೆ.

ಆ ತಾಯಿಯ ಹಾರ್ಮೋನಿಯಂ ಶ್ರುತಿ ಕರಿ ನಾಲ್ಕು (ನಾಲ್ಕನೇ ಕಪ್ಪು ಕೀ). ಅಂದರೆ ಸುಮಾರು 208 ಹರ್ಟ್ಜ್. ಮೇಲಿನ ಷಡ್ಜಕ್ಕೆ ಹೋದರೂ 415. ರಾಗ ಓಡಾಡುವುದೆಲ್ಲ ಎದೆಯ ಹತ್ತಿರ. ಹಾಗಾಗಿ ನೆಕ್‌ಬ್ಯಾಂಡಿನಲ್ಲಿ ರಾಗ ಕೇಳುತ್ತಿತ್ತು. ಮಾತು ಕೇಳುತ್ತಿರಲಿಲ್ಲ.

ಮಾತು ಬೇರೆ ಕಡೆ ಇರುತ್ತದೆ. ಬಾಯಿಯ ಆಕಾರ ಬದಲಾದ ಹಾಗೆ ದನಿಯ ಕೆಲವು ಜಾಗಗಳು ಜೋರಾಗಿ ಮೊಳಗುತ್ತವೆ. ಕೊಡದಲ್ಲಿ ನೀರು ಏರಿದ ಹಾಗೆ ಸದ್ದು ಬದಲಾಗುತ್ತದಲ್ಲ, ಹಾಗೇ. 'ಇ' ಎಂದಾಗ ಮೊದಲ ಮೊಳಗು ಸುಮಾರು 300 ಹರ್ಟ್ಜ್‌ನಲ್ಲಿ. 'ಉ' ಎಂದಾಗಲೂ ಹೆಚ್ಚುಕಡಿಮೆ ಅಲ್ಲೇ. ವ್ಯತ್ಯಾಸ ಇರುವುದು ಎರಡನೇ ಮೊಳಗಿನಲ್ಲಿ. 'ಉ'ಗೆ ಅದು 800–900ರಲ್ಲಿದ್ದರೆ 'ಇ'ಗೆ 2,300ರ ಸುತ್ತ. ಆ ಜಾಗದಲ್ಲಿ ಇಯರ್‌ಫೋನ್ ತಗ್ಗಿದರೆ 'ಗಿರಿ'ಯೋ 'ಗುರಿ'ಯೋ ಗೊತ್ತಾಗುವುದಿಲ್ಲ. ತತ್ವಪದದಲ್ಲಿ ಎರಡೂ ಹೊಂದುವ ಮಾತುಗಳೇ!

'ಲ' ಮತ್ತು 'ಳ' ಇನ್ನೂ ಸೂಕ್ಷ್ಮ. ನಾಲಿಗೆಯ ತುದಿ ಹಿಂದಕ್ಕೆ ಮಡಚಿದಾಗ ಮೂರನೇ ಮೊಳಗು ಕೆಳಗೆ ಇಳಿಯುತ್ತದೆ. ಅದು ನಡೆಯುವುದು ಸುಮಾರು 2,000–3,000 ಹರ್ಟ್ಜ್ ನಡುವೆ. ಕಲ್ಲು–ಕಳ್ಳು, ಮಲೆ–ಮಳೆ, ಹುಲಿ–ಹುಳಿ ಎಲ್ಲ ಅಲ್ಲೇ ಬೇರೆಯಾಗುತ್ತವೆ. 'ನ', 'ಣ'ಗಳ ಕತೆಯೂ ಇದೇ. ಮಾಸ್ತರ್ ಹಾಕಿದ್ದ ಸುತ್ತುಗಳನ್ನು ಒಂದೊಂದಾಗಿ ನೋಡಿದೆ. ಅರ್ಧಕ್ಕಿಂತ ಹೆಚ್ಚು ಇಂಥ ಜೋಡಿಗಳೇ. ಕನ್ನಡದ ಮಾತು ಕೇಳಲು ಇಯರ್‌ಫೋನ್ ಬೇಕೆಂದರೆ ಈ 2,000–3,000ದ ಜಾಗ ಸರಿ ಇರಲೇಬೇಕು. ನನಗೆ ಇದು ಅಷ್ಟು ಸ್ಪಷ್ಟವಾಗಿ ಕಂಡದ್ದು ಆ ನೋಟ್‌ಬುಕ್ಕು ನೋಡಿದ ಮೇಲೆಯೇ.

ನೆಕ್‌ಬ್ಯಾಂಡ್ ಏನು ಮಾಡುತ್ತಿತ್ತು

ಅದು ಕೆಟ್ಟಿರಲಿಲ್ಲ. ಬೇಸ್ ಎತ್ತಿ, ಟ್ರೆಬಲ್ ಎತ್ತಿ, ನಡುವನ್ನು ತಗ್ಗಿಸಿದ ಸೆಟ್ ಅದು. ಎರಡು ಗುಡ್ಡದ ನಡುವಿನ ತಗ್ಗಿನ ಹಾಗೆ. ಸಿನಿಮಾ ಹಾಡಿಗೆ, ಬಸ್ಸಿನ ಗದ್ದಲದಲ್ಲಿ, ಇದು ಕೇಳಿದ ತಕ್ಷಣ ಹಿಡಿಸುತ್ತದೆ. ಅದಕ್ಕೇ ಅಗ್ಗದ ಸೆಟ್‌ಗಳಲ್ಲಿ ಬಹಳಷ್ಟು ಹೀಗೇ ಇರುತ್ತವೆ. ಭಜನೆಯಲ್ಲಿ ಮಾತ್ರ ಲೆಕ್ಕ ತಲೆಕೆಳಗು. ಒಂದು ಗುಡ್ಡದ ಮೇಲೆ ಡಗ್ಗಾ, ಇನ್ನೊಂದರ ಮೇಲೆ ತಾಳ. ಹಾಡುವವರು ತಗ್ಗಿನಲ್ಲಿ.

ಇನ್ನೊಂದು ಸಂಗತಿ. ಕೆಳಗಿನ ಸದ್ದು ಜೋರಾದರೆ ಅದು ತನಗಿಂತ ಮೇಲಿನ ಸದ್ದನ್ನು ಮುಚ್ಚುತ್ತದೆ. ಕಿವಿ ಕೆಲಸ ಮಾಡುವುದೇ ಹಾಗೆ. ಅಂದರೆ ದನಿ ತಗ್ಗಿದ್ದು ಒಂದು ತೊಂದರೆ, ಆ ತಗ್ಗಿದ ದನಿಯ ಮೇಲೆ ಡಗ್ಗಾ ಹೊದಿಸಿದ್ದು ಇನ್ನೊಂದು. ಮಿಡ್‌ರೇಂಜ್ ಚೆನ್ನಾಗಿದೆ ಎನ್ನುವ ಎಷ್ಟೋ ಸೆಟ್‌ಗಳಲ್ಲಿ ಮಿಡ್‌ರೇಂಜಿಗೆ ಏನೂ ಮಾಡಿರುವುದಿಲ್ಲ. ಬೇಸನ್ನು ಅದರ ಜಾಗದಲ್ಲಿ ಕೂರಿಸಿರುತ್ತಾರೆ, ಅಷ್ಟೇ.

ಮಾಸ್ತರ್ ಇನ್ನೊಂದು ವಿಷಯ ಹೇಳಿದರು. ಕೇಳುತ್ತಾ ಕೇಳುತ್ತಾ ಮೊಬೈಲಿನ ಮೈಕ್ ಗುಂಡಿ ಒತ್ತಿ, ಬಾಯಲ್ಲಿ ಹೇಳಿ ಟೈಪ್ ಮಾಡಿಸಲು ನೋಡಿದ್ದರಂತೆ. ಆಗ ಹಾಡು ಇದ್ದಕ್ಕಿದ್ದಂತೆ ಡಬ್ಬಿಯೊಳಗಿಂದ ಬಂದ ಹಾಗೆ ಆಗುತ್ತಿತ್ತಂತೆ. ಇದು ಬ್ಲೂಟೂತ್‌ನ ರೀತಿ. ನೆಕ್‌ಬ್ಯಾಂಡಿನ ಮೈಕ್ ಆನ್ ಆದ ಕೂಡಲೇ ಅದು ಫೋನ್ ಕಾಲ್ ಮೋಡ್‌ಗೆ ಹೋಗುತ್ತದೆ. ಸದ್ದಿನ ಗುಣಮಟ್ಟ ಕುಸಿಯುತ್ತದೆ. ಮೈಕ್ ಮುಟ್ಟದೇ ಕೇಳಿದರೆ ಆ ತೊಂದರೆ ಇಲ್ಲ. ಆದರೂ ನಾನು ವೈರ್ ಇರುವುದನ್ನೇ ಹೇಳಿದೆ. ಬ್ಯಾಟರಿ, ಚಿಪ್ ಯಾವುದಕ್ಕೂ ದುಡ್ಡು ಹೋಗುವುದಿಲ್ಲ. ಎಲ್ಲವೂ ಸದ್ದಿಗೇ ಸಲ್ಲುತ್ತದೆ. ಅವರ ಮೊಬೈಲಿನಲ್ಲಿ 3.5 ಮಿ.ಮೀ. ಜ್ಯಾಕ್ ಇತ್ತು. ಇಲ್ಲದಿದ್ದರೆ ಟೈಪ್-ಸಿ ಡಾಂಗಲ್ ಒಂದು ಬೇಕಾಗುತ್ತಿತ್ತು.

ಖರ್ಚಿಲ್ಲದ ದಾರಿ ಮೊದಲು

ಕೊಳ್ಳುವ ಮುಂಚೆ ಇದ್ದುದನ್ನೇ ತಿದ್ದಲು ನೋಡಿದೆವು. ಸದ್ದಿನ ಒಂದೊಂದು ಭಾಗವನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಇಕ್ವಲೈಜರ್ ಅವರ ಫೋನಿನಲ್ಲಿತ್ತು. ಅದರಲ್ಲಿ ಐದು ಗೆರೆ: 60, 230, 910, 3,600, 14,000 ಹರ್ಟ್ಜ್. ಮೊದಲಿನ ಎರಡನ್ನು ಇಳಿಸಿದೆ. 3,600ನ್ನು ಸ್ವಲ್ಪ ಏರಿಸಿದೆ. ಮಾಸ್ತರ್ ಮತ್ತೆ ಕೇಳಿದರು. 31ರಲ್ಲಿ 7 ಸುತ್ತು ಅಳಿಸಿದರು. 24 ಉಳಿದವು.

ಪುಕ್ಕಟೆ ಸಿಕ್ಕ ಲಾಭ, ಸಣ್ಣದೇನಲ್ಲ. ನಿಮ್ಮ ಹತ್ತಿರ ಇರುವ ಸೆಟ್‌ನಲ್ಲಿ ದನಿ ಮಸುಕು ಎನಿಸಿದರೆ ಮೊದಲು 230ರ ಗೆರೆ ಇಳಿಸಿ ನೋಡಿ. ಆದರೆ ನಮಗೆ ಬೇಕಿದ್ದ 2,000–3,000ದ ಜಾಗ 910ಕ್ಕೂ 3,600ಕ್ಕೂ ನಡುವೆ ಸಿಕ್ಕಿಕೊಂಡಿತ್ತು. ಅಲ್ಲಿಗೆ ನೇರವಾಗಿ ಕೈ ಹಾಕಲು ಗೆರೆಯೇ ಇಲ್ಲ. 3,600ನ್ನು ಇನ್ನೂ ಎತ್ತಿದರೆ ತಾಳ ಚುಚ್ಚುತ್ತಿತ್ತು.

ಮೂರು ಸೆಟ್, ಒಂದು ನೋಟ್‌ಬುಕ್ಕು

ಕೊಪ್ಪಳದ ಮೊಬೈಲ್ ಅಂಗಡಿಗಳಲ್ಲಿ ಕಿವಿಯೊಳಗೆ ಹಾಕುವುದನ್ನು ಬಿಚ್ಚಿ ಕೇಳಲು ಕೊಡುವುದಿಲ್ಲ. ಅವರ ತಪ್ಪೂ ಅಲ್ಲ, ಒಬ್ಬರ ಕಿವಿಗೆ ಹಾಕಿದ್ದನ್ನು ಇನ್ನೊಬ್ಬರಿಗೆ ಮಾರುವುದು ಹೇಗೆ? ಹಾಗಾಗಿ ನನ್ನ ಹತ್ತಿರದ ಎರಡು ಸೆಟ್, ಗೆಳೆಯನದೊಂದು ಸೆಟ್ ಒಟ್ಟು ಮಾಡಿದೆ. ಹೊಸ ರಬ್ಬರ್ ಟಿಪ್ ಹಾಕಿದೆ. ಬೆಲೆ, ಕಂಪನಿ ಮಾಸ್ತರ್‌ಗೆ ಹೇಳಲಿಲ್ಲ. ಕಂಪನಿಯ ಹೆಸರು ಇಲ್ಲೂ ಬರೆಯುವುದಿಲ್ಲ. ಒಬ್ಬರ ಕಿವಿಯಲ್ಲಿ ಕಂಡದ್ದನ್ನು ಕಂಪನಿಯ ಮೇಲೆ ತೀರ್ಪು ಮಾಡುವುದು ಸರಿಯಲ್ಲ.

ಒಂದನೆಯದು 10 ಮಿ.ಮೀ.ಯ ಒಂದೇ ಡೈನಾಮಿಕ್ ಡ್ರೈವರ್ ಇರುವುದು. ಡ್ರೈವರ್ ಅಂದರೆ ಸೆಟ್‌ನೊಳಗೆ ಸದ್ದು ಹೊರಡಿಸುವ ಪುಟ್ಟ ಸ್ಪೀಕರ್. ಬೆಲೆ ಎರಡು ಸಾವಿರದ ಆಸುಪಾಸು. 2022ರಿಂದ ಈಚೆಗೆ ಇಂಥವು ಸಾಕಷ್ಟು ಬಂದಿವೆ. ಮೂನ್‌ಡ್ರಾಪ್ ಚು, ಸೆವೆನ್ ಹರ್ಟ್ಜ್ ಝೀರೊ ಇದೇ ಸಾಲಿನವು. ಎರಡನೆಯದು ಅದಕ್ಕಿಂತ ಐದು ಪಟ್ಟು ದುಬಾರಿ. ಬ್ಯಾಲೆನ್ಸ್ಡ್ ಆರ್ಮೇಚರ್ ಡ್ರೈವರ್‌ನದು. ಈ ಬಗೆಯ ಡ್ರೈವರ್ ಹಿಯರಿಂಗ್ ಏಡ್‌ಗಳಿಂದ ಬಂದದ್ದು. ಅದನ್ನು ಇಟ್ಟುಕೊಂಡು ಹಾಡು ಕೇಳುವ ಸೆಟ್ ಮಾಡಿದವರಲ್ಲಿ ಅಮೆರಿಕದ ಎಟಿಮೋಟಿಕ್ ಮುಖ್ಯವಾದದ್ದು. ಅವರ ಇಆರ್-4 ಬಂದದ್ದು 1991ರಲ್ಲಿ. ಮಾತಿನ ಸ್ಪಷ್ಟತೆಗೆ ಆ ಸಾಲಿನ ಸೆಟ್‌ಗಳನ್ನು ಇವತ್ತಿಗೂ ಹುಡುಕುವವರಿದ್ದಾರೆ. ಮೂರನೆಯದು ಎರಡೂ ಬಗೆಯ ಡ್ರೈವರ್ ಸೇರಿಸಿದ ಹೈಬ್ರಿಡ್. ಎದೆಯ ಭಾಗ ತುಂಬಿ ಬರುವಂಥದ್ದು.

ಪರೀಕ್ಷೆಗೆ ಎರಡು ರೆಕಾರ್ಡಿಂಗ್ ಇಟ್ಟುಕೊಂಡೆವು. ಒಂದು ಆ ಭಜನೆ. ಇನ್ನೊಂದು ಮಾಸ್ತರ್ ಹೆಂಡತಿ, ಅಮ್ಮನವರ ದನಿ. ರಾತ್ರಿ ಊರು ಮಲಗಿದ ಮೇಲೆ ಅವರಿಂದ ಜೋಡಿ ಮಾತು ಓದಿಸಿ ರೆಕಾರ್ಡ್ ಮಾಡಿದೆ. ಹುಲಿ, ಹುಳಿ. ಮನೆ, ಮಣೆ. ಗಿರಿ, ಗುರಿ. ಸಾಲು ತಪ್ಪಿಸಿ, ಬೇಕಾದ ಹಾಗೆ ಹಿಂದುಮುಂದು ಮಾಡಿ. ನಲವತ್ತು ವರ್ಷದಿಂದ ದಿನಾ ಕೇಳಿದ ದನಿ ಅದು. ಅದು ಸ್ವಲ್ಪ ಬದಲಾದರೂ ಮಾಸ್ತರ್‌ಗೆ ಗೊತ್ತಾಗುತ್ತದೆ. ಮಿಡ್‌ರೇಂಜ್ ಅಳೆಯಲು ಇದಕ್ಕಿಂತ ಒಳ್ಳೆಯ ಸಾಧನ ನನಗೆ ಗೊತ್ತಿಲ್ಲ. ನಿಮ್ಮ ಮನೆಯಲ್ಲೂ ಅಂಥ ಒಂದು ದನಿ ಇದ್ದೇ ಇರುತ್ತದೆ, ಅಲ್ವಾ?

ಸದ್ದಿನ ಮಟ್ಟ ಒಂದೇ ಇರುವಂತೆ ನೋಡಿಕೊಂಡೆವು. ಇದು ಬಹಳ ಮುಖ್ಯ. ಸ್ವಲ್ಪ ಜೋರಾಗಿರುವ ಸೆಟ್ಟೇ ಸ್ಪಷ್ಟವಾಗಿದೆ ಎಂದು ಕಿವಿ ನಂಬುತ್ತದೆ. ಹಾರ್ಮೋನಿಯಂನ ಒಂದೇ ಷಡ್ಜ ಎಳೆದು, ಮೂರೂ ಸೆಟ್‌ನಲ್ಲಿ ಸಮ ಎನಿಸುವ ತನಕ ವಾಲ್ಯೂಮ್ ಹೊಂದಿಸಿದೆವು. ಸೆಟ್ ಬದಲಿಸುವಾಗ ತಡ ಮಾಡಲಿಲ್ಲ. ಸದ್ದಿನ ನೆನಪು ಬೇಗ ಆರಿಹೋಗುತ್ತದೆ.

ಮೂರನೆಯದನ್ನು ಮೊದಲು ಕೊಟ್ಟೆ. ಮಾಸ್ತರ್ ಕಣ್ಣು ಮುಚ್ಚಿ ತಲೆ ಆಡಿಸಿದರು. ಹಾರ್ಮೋನಿಯಂ ಬಹಳ ಸಿಹಿ ಅಂದರು. ಭಜನೆ ಬಿಟ್ಟು ವೆಂಕಟೇಶ್ ಕುಮಾರ್ ಅವರ ಒಂದು ಹಾಡು ಹಾಕಿಸಿಕೊಂಡರು. ಅವರು ಬಳ್ಳಾರಿ ಸೀಮೆಯ ಲಕ್ಷ್ಮೀಪುರದಲ್ಲಿ ಹುಟ್ಟಿ, ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಗಾಯಕರು. ಮಾಸ್ತರ್ ಅವರನ್ನು ಎದುರು ಕೂತು ಕೇಳಿದವರು. "ಎದಿ ತುಂಬಿ ಬರ್ತೈತಿ" ಅಂದರು. ಮುಗಿಯಿತು, ಇದೇ ಅವರ ಸೆಟ್ ಅಂದುಕೊಂಡೆ. ಆದರೆ ನೋಟ್‌ಬುಕ್ಕು ಬೇರೆ ಹೇಳಿತು. 17 ಸುತ್ತು ಹಾಗೇ ಉಳಿದಿದ್ದವು. ಅಮ್ಮನವರ ಜೋಡಿ ಮಾತಿನಲ್ಲೂ 'ಮಣೆ'ಯನ್ನು 'ಮನೆ' ಎಂದು ಬರೆದಿದ್ದರು. ಎದೆ ಉಬ್ಬಿದಾಗ ದನಿ ಸಿಹಿಯಾಗುತ್ತದೆ. ನಾಲಿಗೆ ಅದರ ಹಿಂದೆ ನಿಲ್ಲುತ್ತದೆ. ಬರೀ ಸಂಗೀತಕ್ಕೆ ಕೇಳುವವರಿಗೆ ನಾನು ಇಂದಿಗೂ ಆ ಸೆಟ್ಟನ್ನೇ ಹೇಳಿಯೇನು.

ಎರಡನೆಯದರಲ್ಲಿ ಎಲ್ಲವೂ ತಿರುಗಿತು. 'ಳ' ಬಂದಾಗ ನಾಲಿಗೆ ಮಡಚಿದ್ದು ಕಂಡಷ್ಟು ಸ್ಪಷ್ಟ. 12 ಸುತ್ತು ಮಾತ್ರ ಉಳಿದವು. ಆದರೆ ಅರ್ಧ ತಾಸಾದ ಮೇಲೆ ತೆಗೆದು ಮೇಜಿನ ಮೇಲೆ ಇಟ್ಟರು. "ಮಾತು ಒಂದೊಂದೂ ಎಣಿಸಬಹುದು ತಮ್ಮಾ. ಆದ್ರ ತಲಿ ಹಿಡೀತು." ಹಾರ್ಮೋನಿಯಂನ ರೀಡ್ ಕೂಡ 3,000ದ ಸುತ್ತ ಚುರುಕಾಗಿರುತ್ತದೆ. ಆ ಜಾಗ ಎತ್ತಿದ ಸೆಟ್‌ನಲ್ಲಿ ಅದು ಕಿವಿಗೆ ಕುಟ್ಟುತ್ತದೆ. ದಿನಕ್ಕೆ ಮೂರು ತಾಸು ಕೆಲಸ ಮಾಡುವವರಿಗೆ ಇದು ಸಣ್ಣ ಮಾತಲ್ಲ.

ಒಂದನೆಯದರಲ್ಲಿ 15 ಉಳಿದವು. ತಲೆ ಹಿಡಿಯಲಿಲ್ಲ. ಆದರೆ ಮಾಸ್ತರ್ ಒಂದು ಮಾತು ಅಂದರು, ಅದರಿಂದ ಇಡೀ ಲೆಕ್ಕ ಬದಲಾಯಿತು. "ಆಕಿ ಬಲಗಡೆ ಕುಂತು ಹಾಡಾಕತ್ತಾಳ" ಅಂದರು.

ಎಡಗಿವಿ

ಆ ರೆಕಾರ್ಡಿಂಗ್ ಮೋನೋ, ಅಂದರೆ ಎರಡೂ ಕಿವಿಗೆ ಒಂದೇ ಸದ್ದು. ದನಿ ತಲೆಯ ನಡುವೆ ಬರಬೇಕು. ಬಲಕ್ಕೆ ಹೋಗಬಾರದು. ತಪ್ಪು ಸೆಟ್‌ನದೋ ಕಿವಿಯದೋ ತಿಳಿಯಲು ಸುಲಭದ ದಾರಿ ಇದೆ. ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ. ದನಿ ಇನ್ನೊಂದು ಕಡೆಗೆ ಹೋದರೆ ಸೆಟ್‌ನ ತೊಂದರೆ. ಅಲ್ಲೇ ಉಳಿದರೆ ಕಿವಿಯದು, ಇಲ್ಲವೇ ಆ ಕಿವಿಯಲ್ಲಿ ಟಿಪ್ ಕೂತ ರೀತಿಯದು. ಮಾಸ್ತರ್‌ಗೆ ದನಿ ಬಲದಲ್ಲೇ ಉಳಿಯಿತು.

ಮೊದಲು ಟಿಪ್ ನೋಡಿದೆವು. ಎಡಗಿವಿಯ ದಾರಿ ಸಣ್ಣದಿತ್ತು. ಎರಡಕ್ಕೂ ಮಧ್ಯದ ಅಳತೆ ಹಾಕಿದ್ದೆ. ಎಡದ್ದು ಸರಿಯಾಗಿ ಮುಚ್ಚಿಕೊಳ್ಳುತ್ತಿರಲಿಲ್ಲ. ಟಿಪ್ ಸರಿಯಾಗಿ ಮುಚ್ಚದಿದ್ದರೆ ಬೇಸ್ ಸೋರಿಹೋಗುತ್ತದೆ, ಸದ್ದೆಲ್ಲ ತೆಳುವಾಗುತ್ತದೆ. ಎಡಕ್ಕೆ ಸಣ್ಣ ಟಿಪ್, ಬಲಕ್ಕೆ ಮಧ್ಯದ್ದು ಹಾಕಿದೆವು. ಎರಡೂ ಕಿವಿಗೆ ಒಂದೇ ಅಳತೆ ಇರಬೇಕೆಂದೇನೂ ಇಲ್ಲ. ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗೆ ಕೂರಿಸಬೇಕು. ಆಮೇಲೆ ಬಾಯಿ ಮುಚ್ಚಿ 'ಮ್‌ಮ್' ಅನ್ನಬೇಕು. ಸ್ವಂತ ದನಿ ಎರಡೂ ಕಿವಿಯಲ್ಲಿ ಸಮವಾಗಿ ಗುಂಯ್ ಅಂದರೆ ಟಿಪ್ ಕೂತಿದೆ ಎಂದರ್ಥ.

ಈಗ ಟಿಪ್ ಕೂತಿತ್ತು. ಆದರೂ ಎಡಗಡೆ ಸ್ವಲ್ಪ ಮಂಕು. ಆಗ ನಾನು ಇಯರ್‌ಫೋನ್ ಮಾತು ನಿಲ್ಲಿಸಿ, ಕಿವಿ ಡಾಕ್ಟರ ಹತ್ತಿರ ಹೋಗೋಣ ಸರ್ರ ಅಂದೆ. ಅವರು ಒಪ್ಪಲು ಒಂದು ವಾರ ತೆಗೆದುಕೊಂಡರು. ಡಾಕ್ಟರು ನೋಡಿದರು. ಎಡಗಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿತ್ತು. ತೆಗೆದರು. ಆಡಿಯೋಗ್ರಾಮ್ ಮಾಡಿಸಿದರು. 250ರಿಂದ 8,000 ಹರ್ಟ್ಜ್‌ವರೆಗೆ ಒಂದೊಂದೇ ಸದ್ದು ಕೇಳಿಸಿ ಗುರುತು ಹಾಕುವ ಪರೀಕ್ಷೆ ಅದು. ಎರಡೂ ಕಿವಿಯಲ್ಲಿ 4,000ದ ಮೇಲೆ ಸ್ವಲ್ಪ ಇಳಿದಿತ್ತು. ವಯಸ್ಸಿಗೆ ಸಹಜ ಅಂದರು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಸದ್ದನ್ನೇ. 'ಸ' ಮಸುಕಾಗುವುದು ಅದರಿಂದ. ನಮ್ಮ ಪುಣ್ಯಕ್ಕೆ ಮಿಡ್‌ರೇಂಜ್ ಪೂರ್ತಿ ಚೆನ್ನಾಗಿತ್ತು. ಕಿವಿಯೊಳಗೆ ಹಾಕುವ ಟಿಪ್ ಗುಗ್ಗೆಯನ್ನು ಒಳಕ್ಕೆ ನೂಕುತ್ತದೆ, ಕಡ್ಡಿ ಹಾಕಿ ಕೆದಕಬೇಡಿ ಎಂದೂ ಹೇಳಿದರು.

ಈ ಭೇಟಿ ಮೊದಲೇ ಆಗಬೇಕಿತ್ತು. ಐವತ್ತು ದಾಟಿದವರು ಯಾರಾದರೂ "ದನಿ ಸರಿಯಾಗಿ ಕೇಳ್ತಿಲ್ಲ" ಅಂದರೆ ನಾನೀಗ ಮೊದಲು ಕಿವಿಯನ್ನೇ ಕೇಳುತ್ತೇನೆ, ಆಮೇಲೆ ಬಜೆಟ್.

ನಾಲ್ಕು ದಿನ ಬಿಟ್ಟು ಮತ್ತೆ ಕೂತೆವು. ಈಗ ಎರಡನೆಯದರಲ್ಲಿ 8 ಸುತ್ತು ಉಳಿದವು. ಒಂದನೆಯದರಲ್ಲಿ 9. ಹಿಂದೆ ಮೂರು ಇದ್ದ ಅಂತರ ಒಂದಕ್ಕೆ ಇಳಿದಿತ್ತು. ಬೆಲೆಯಲ್ಲಿ ಐದು ಪಟ್ಟು ವ್ಯತ್ಯಾಸ. ಒಂದು ತಲೆ ಹಿಡಿಯುತ್ತದೆ, ಇನ್ನೊಂದು ಇಲ್ಲ. "ಈಗ ಎದುರಿಗ್ ಕುಂತು ಹಾಡಾಕತ್ತಾಳ" ಅಂದರು ಮಾಸ್ತರ್, ಒಂದನೆಯದು ಹಾಕಿಕೊಂಡು. ಅಂಥದ್ದೇ ಹೊಸದನ್ನು ತರಿಸಿದೆವು. ಮೂರು ತಿಂಗಳಾಯಿತು, ಅದನ್ನೇ ಬಳಸುತ್ತಿದ್ದಾರೆ.

ಗ್ರಾಫ್ ನೋಡುವ ಬಗ್ಗೆ ಒಂದು ಮಾತು

ತರಿಸುವ ಮೊದಲು ಅದರ ಗ್ರಾಫನ್ನು ಮಾಸ್ತರ್‌ಗೆ ತೋರಿಸಿದೆ. ಸೆಟ್ ಯಾವ ಹರ್ಟ್ಜ್‌ನ ಸದ್ದನ್ನು ಎಷ್ಟು ಜೋರಾಗಿ ಕೊಡುತ್ತದೆ ಎಂದು ತೋರಿಸುವ ಗೆರೆ ಅದು. ಗೆರೆ 3,000ದ ಹತ್ತಿರ ಗುಡ್ಡದ ಹಾಗೆ ಏರಿತ್ತು. "ಸಮ ಇರಬೇಕಲ್ಲೋ? ಇದ್ಯಾಕ ಎದ್ದೈತಿ?" ಎಂದು ಕೇಳಿದರು. ಗಣಿತ ಕಲಿಸಿದವರಲ್ಲವೇ. ಎಲ್ಲರೂ ಕೇಳಬೇಕಾದ ಪ್ರಶ್ನೆ ಅದು.

ನಮ್ಮ ಕಿವಿಯ ದಾರಿ ಸುಮಾರು 25 ಮಿ.ಮೀ. ಉದ್ದದ ಕೊಳವೆ. ಒಂದು ತುದಿ ತೆರೆದಿದೆ, ಇನ್ನೊಂದು ತುದಿಯಲ್ಲಿ ತಮಟೆ. ಅಂಥ ಕೊಳವೆ ಸುಮಾರು 3,000 ಹರ್ಟ್ಜ್‌ನಲ್ಲಿ ತಾನೇ ಮೊಳಗುತ್ತದೆ. ಎದುರು ಕೂತವರ ಮಾತು ನಮ್ಮ ತಮಟೆ ತಲುಪುವಾಗ ಆ ಜಾಗ ಆಗಲೇ ಎದ್ದಿರುತ್ತದೆ. ಹುಟ್ಟಿದಾಗಿನಿಂದ ನಾವು ಕೇಳಿದ್ದೇ ಹಾಗೆ. ಇಯರ್‌ಫೋನ್ ಆ ಬಾಯನ್ನು ಮುಚ್ಚಿಬಿಡುತ್ತದೆ. ಆ ಮೊಳಗು ತಪ್ಪಿಹೋಗುತ್ತದೆ. ತಪ್ಪಿದ್ದನ್ನು ಸೆಟ್ಟೇ ತುಂಬಿಕೊಡಬೇಕು. ಗ್ರಾಫಿನ ಗೆರೆ ಸಪಾಟಾಗಿದ್ದರೆ ದನಿ ಕಂಬಳಿ ಹೊದ್ದ ಹಾಗೆ ಕೇಳುತ್ತದೆ. ಸ್ಪೀಕರ್, ಹೆಡ್‌ಫೋನ್ ಮಾಡುವ ಹರ್ಮನ್ ಕಂಪನಿಯಲ್ಲಿ ಶಾನ್ ಆಲಿವ್ ಮತ್ತು ಜೊತೆಗಾರರು ಕೇಳುಗರನ್ನು ಕೂರಿಸಿ ಪರೀಕ್ಷೆ ಮಾಡಿ ಒಂದು ಗುರಿಗೆರೆ ಹಾಕಿದರು. ಅದರಲ್ಲೂ ಈ ಏರು ಇದೆ.

ಹಾಗಾದರೆ ದನಿಗಾಗಿ ಆರಿಸುವವರು ಗ್ರಾಫಿನಲ್ಲಿ ಏನು ನೋಡಬೇಕು? 200ರಿಂದ 500ರ ನಡುವೆ ಗೆರೆ ಉಬ್ಬಿರಬಾರದು. 1,000ದಿಂದ ಮೇಲೆ ನಿಧಾನವಾಗಿ ಏರಬೇಕು. 3,000ದ ಹತ್ತಿರ ಸುಮಾರು 8–10 ಡೆಸಿಬಲ್ ಎತ್ತರ ಮುಟ್ಟಬೇಕು. ಸೂಜಿಯ ಹಾಗೆ ಮೊನಚಾಗಿ ಅಲ್ಲ, ದಿಬ್ಬದ ಹಾಗೆ. ಅದಕ್ಕಿಂತ ಬಹಳ ಕಡಿಮೆ ಇದ್ದರೆ ಮಾತು ಮುಳುಗುತ್ತದೆ, ಬಹಳ ಜಾಸ್ತಿ ಇದ್ದರೆ ಹಾಡುವವರು ಕೂಗಿದಂತಾಗುತ್ತದೆ. 8,000ದ ಹತ್ತಿರ ಕಾಣುವ ಮೊನೆಯ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಅಳೆಯುವ ಯಂತ್ರದ ಕೊಳವೆಯಿಂದಲೂ ಅದು ಬರುತ್ತದೆ. ಎರಡು ಸೆಟ್ ಹೋಲಿಸುವಾಗ ಒಂದೇ ಯಂತ್ರದಲ್ಲಿ ಅಳೆದ ಗೆರೆಗಳನ್ನೇ ಇಟ್ಟುಕೊಳ್ಳಿ.

ಡ್ರೈವರ್ ಎಷ್ಟು ಅನ್ನುವುದನ್ನು ನಾನು ಕೊನೆಗೆ ನೋಡುತ್ತೇನೆ. ಒಂದೇ ಡ್ರೈವರ್‌ನದು ಇಲ್ಲಿ ಗೆದ್ದಿತು. ಇನ್ನೊಬ್ಬರ ಪ್ರಕರಣದಲ್ಲಿ ನಾಲ್ಕು ಡ್ರೈವರ್‌ನದು ಗೆಲ್ಲಬಹುದು. ಎದೆ, ಬಾಯಿ, ನಾಲಿಗೆ ಒಂದಕ್ಕೊಂದು ಹೊಂದಿವೆಯೇ ಎನ್ನುವುದೇ ವಿಷಯ.

ವಾಲ್ಯೂಮ್ ಇಳಿದದ್ದು ನನಗೆ ಎಲ್ಲಕ್ಕಿಂತ ಸಂತೋಷ ಕೊಟ್ಟಿತು. ಮಾಸ್ತರ್ ಮನೆ ರೈಲು ಹಳಿಗೆ ಹತ್ತಿರ. ಗಾಡಿ ಹೋದಾಗಲೆಲ್ಲ ನೆಕ್‌ಬ್ಯಾಂಡಿನ ಸದ್ದು ಏರಿಸುತ್ತಿದ್ದರು, ಮತ್ತೆ ಇಳಿಸಲು ಮರೆಯುತ್ತಿದ್ದರು. 15 ಮೆಟ್ಟಿಲಲ್ಲಿ 12ರಲ್ಲಿ ಕೇಳುತ್ತಿದ್ದರು. ಈಗ 7. ಬೇರೆ ಸೆಟ್ ಆದ್ದರಿಂದ ಈ ಅಂಕಿಗಳನ್ನು ಹಾಗೇ ಹೋಲಿಸಲಾಗದು. ಆದರೆ ಈಗ ಅದನ್ನು ಕಿವಿಯಿಂದ ತೆಗೆದು ಹಿಡಿದರೆ ಎದುರು ಕೂತ ನನಗೆ ಹಾಡು ಕೇಳುವುದಿಲ್ಲ. ಮೊದಲು ಕೇಳುತ್ತಿತ್ತು. ಟಿಪ್ ಚೆನ್ನಾಗಿ ಮುಚ್ಚಿದೆ, ಹೊರಗಿನ ಸದ್ದು ತಡೆಯುತ್ತದೆ. ಮಾತು ಸ್ಪಷ್ಟವಾದರೆ ಏರಿಸುವ ಅಗತ್ಯವೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ವಾರಕ್ಕೆ 40 ತಾಸು, 80 ಡೆಸಿಬಲ್. ಆಗಲೇ ಮೇಲಿನ ಸದ್ದು ಇಳಿಯುತ್ತಿರುವ ಕಿವಿಗೆ ಇನ್ನಷ್ಟು ಪೆಟ್ಟು ಬೀಳಬಾರದು.

ಉಳಿದ ಒಂಬತ್ತು

ಆ 9 ಸುತ್ತುಗಳನ್ನು ನಾನೂ ಕೇಳಿದೆ. ನನಗೆ ಯಾವ ಸೆಟ್‌ನಲ್ಲೂ ಅವು ಬಿಡಿಸಿ ಕೇಳಲಿಲ್ಲ. ಆಮೇಲೆ ಗೊತ್ತಾಯಿತು, ಆ ಭಾಗ ಮಾಸ್ತರ್ ಫೋನಿನದಲ್ಲ. ಅವರ ಬ್ಯಾಟರಿ ಮುಗಿದಾಗ ಹಾರ್ಮೋನಿಯಂನವರು ತಮ್ಮ ಫೋನಿನಲ್ಲಿ ಹಿಡಿದಿದ್ದರು. ಅದನ್ನು ವಾಟ್ಸಾಪ್ ವಾಯ್ಸ್ ಮೆಸೇಜ್ ಆಗಿ ಕಳಿಸಿದ್ದರು. ಒಂದು ಫೋನಿನಲ್ಲಿ ಹಾಡಿಸಿ ಇನ್ನೊಂದರಲ್ಲಿ ಹಿಡಿದದ್ದು. ಮೂಲ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿದೆವು. ಮೂರು ಸುತ್ತು ಅಳಿಸಿದೆವು. 6 ಉಳಿದವು. ಅಲ್ಲಿ ಫೋನನ್ನು ಹಾರ್ಮೋನಿಯಂ ಪೆಟ್ಟಿಗೆಯ ಮೇಲೇ ಇಟ್ಟಿದ್ದರು. ಪೆಟ್ಟಿಗೆಯ ಝೇಂಕಾರದ ಕೆಳಗೆ ದನಿ ಹಿಡಿದೇ ಇರಲಿಲ್ಲ. ಇಲ್ಲದ್ದನ್ನು ಯಾವ ಇಯರ್‌ಫೋನ್ ತಂದುಕೊಟ್ಟೀತು?

ಹೋದ ವಾರ ಇಬ್ಬರೂ ಬಸ್ ಹಿಡಿದು ಆ ಊರಿಗೆ ಹೋದೆವು. ಆ ತಾಯಿ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದರು. ಮಾಸ್ತರ್ ನೋಟ್‌ಬುಕ್ಕು ತೆರೆದರು. ನಾನು ಫೋನನ್ನು ಅವರ ಎದುರು, ಒಂದು ಮೊಳ ದೂರದಲ್ಲಿ, ಮಡಚಿದ ಟವೆಲ್ ಮೇಲೆ ಇಟ್ಟೆ. ತಾಳ, ಡಗ್ಗಾ ಇಲ್ಲದೆ ಬರೀ ಬಾಯಲ್ಲಿ ಹಾಡಿದರು. ಐದು ಮಾತು ಅಲ್ಲೇ ತಿಳಿದವು. ಅವುಗಳಲ್ಲಿ ಎರಡನ್ನು ನಾವು ಇಬ್ಬರೂ ಪೂರ್ತಿ ತಪ್ಪಾಗಿ ಊಹಿಸಿದ್ದೆವು.

ಆರನೆಯದು ಮಲೆಯೋ ಮಳೆಯೋ. ಎದುರು ಕೂತು ಕೇಳಿದರೂ ಗೊತ್ತಾಗಲಿಲ್ಲ. ಒಮ್ಮೆ ಹೀಗೆ ಕೇಳಿತು, ಒಮ್ಮೆ ಹಾಗೆ. ಮಾಸ್ತರ್ ಕೇಳೇ ಬಿಟ್ಟರು: "ಯವ್ವಾ, ಇದು ಮಲಿನೋ, ಮಳಿನೋ?"

ಆ ತಾಯಿ ಮೊರ ಪಕ್ಕಕ್ಕೆ ಇಟ್ಟು ಇನ್ನೊಮ್ಮೆ ಮೆಲ್ಲಗೆ ಹಾಡಿಕೊಂಡರು. "ನಮ್ಮವ್ವ ಹಿಂಗ ಹಾಡ್ತಿದ್ಲರೀ. ನಾನೂ ಹಿಂಗ ಹಾಡ್ತೀನಿ. ಯಾವ್ದಂತ ನಾ ಕೇಳಲಿಲ್ಲ" ಅಂದರು.

ಮಾಸ್ತರ್ ಎರಡೂ ಮಾತುಗಳನ್ನು ಒಂದರ ಕೆಳಗೆ ಒಂದು ಬರೆದರು. ಪೆನ್ಸಿಲಿನ ಸುತ್ತನ್ನು ಅಳಿಸಲಿಲ್ಲ.